ನಿಜದ ತಿಂಗಳಿಗೆ ಆರಿಸಿದ ಪುಸ್ತಕ

ಜುಲೈ 20, ಭಾನುವಾರ

ಮತ್ತೆ ಬರೆಯುತ್ತಿದ್ದೇನೆ. ಸಾರಿ. ಯಾರಿಗೆ ಸಾರಿ ಅಂತ ಗೊತ್ತಿಲ್ಲ. ಹಾಸ್ಟೆಲ್‌ನಲ್ಲಿ ವಾರ್ಡನ್ ನಮ್ಮ ಡೈರಿಗಳನ್ನು ತೆಗೆದು ಓದುತ್ತಿದ್ದರು, ಅದಕ್ಕೇ ಮೊದಲ ಸಾಲಿನಲ್ಲೇ ಕ್ಷಮೆ ಕೇಳುವ ಅಭ್ಯಾಸ. ದಿನಾ ಬರೆದರೆ ಕನ್ನಡ ಸುಧಾರಿಸುತ್ತದೆ ಎಂದು ಸಂಜೀವಯ್ಯ ಅಂಕಲ್ ಹೇಳಿದ್ದಾರೆ. ಅಷ್ಟೇ ಕಾರಣ.

ಈಗ ಕಾಲೇಜಿಗೆಂದು ಅಜ್ಜಿ ಮನೆಯಲ್ಲಿದ್ದೇನೆ; ಬೆಳಿಗ್ಗೆ ಇಲ್ಲಿನ ಕೆಳಗಿನ ಪೋರ್ಷನ್ ಗುಡಿಸಿ ಚಾಪೆ ಹಾಸಿದೆ. ಅದಕ್ಕೆ ಬಾಡಿಗೆಯವರು ಸಿಕ್ಕಿಲ್ಲ, ಹಾಗಾಗಿ ಅಜ್ಜಿ ಓದುಗರ ಗುಂಪಿಗೆ ಬಿಟ್ಟಿದ್ದಾಳೆ. ಬಿಟ್ಟಿದ್ದಾಳೆ, ಆದರೆ ಗೊಣಗುವುದನ್ನು ಬಿಟ್ಟಿಲ್ಲ. "ಪುಸ್ತಕ ಓದಕ್ಕೂ ಮೀಟಿಂಗಾ? ಈ ಜರಗನಹಳ್ಳೀಲಿ ನಾವು ಹಸ ಕರೆಯೋವಾಗ ಮೀಟಿಂಗ್ ಮಾಡ್ಕೊಂಡು ಕರೀತಿದ್ವಾ?"

ಒಂಬತ್ತು ಜನ ಬಂದಿದ್ದರು. ಅಂಕಲ್ ಎಲೆಕ್ಟ್ರಿಸಿಟಿ ಬೋರ್ಡಿನಲ್ಲಿ ಮೀಟರ್ ರೀಡರ್ ಆಗಿ ರಿಟೈರ್ ಆದವರು, ಗುಂಪಿನ ನಿಯಮಗಳೆಲ್ಲ ಅವರದ್ದೇ. ಬೆಸ ತಿಂಗಳು ಕಥೆ, ಸರಿ ತಿಂಗಳು ನಿಜ. ಕಥೆಯ ತಿಂಗಳಲ್ಲಿ ಯಾರು ಏನು ಬೇಕಾದರೂ ಅನ್ನಬಹುದು. ನಿಜದ ತಿಂಗಳಲ್ಲಿ "ಹೀಗೆಲ್ಲ ಆಗಲ್ಲ" ಅನ್ನುವ ಹಾಗಿಲ್ಲ, ಯಾಕೆಂದರೆ ಅದು ಯಾರೋ ಬದುಕಿದ್ದು. ಪುಸ್ತಕ ಆರಿಸಿದವರು ಪೂರ್ತಿ ಓದಿರಬೇಕು, ಕೇಳಿದ್ದಕ್ಕೆ ಉತ್ತರ ಕೊಡಬೇಕು.

ಆಗಸ್ಟ್‌ಗೆ ಆರಿಸುವ ಸರದಿ ನನ್ನದಂತೆ. ನನ್ನದು! ಕನ್ನಡ ಪುಸ್ತಕ ಒಂದು ಪುಟಕ್ಕೆ ಏಳು ನಿಮಿಷ ಓದುವವಳು ನಾನು.

ಪಕ್ಕದಲ್ಲಿ ಕೂತಿದ್ದ ಇಂದ್ರಾಣಿ ಆಂಟಿ ನನ್ನ ಕುರ್ತಾದಿಂದ ಒಂದು ದಾರ ಕಿತ್ತರು. ಗಾರ್ಮೆಂಟ್ಸ್‌ನಲ್ಲಿ ಚೆಕ್ಕರ್ ಅವರು. ಇಡೀ ದಿನ ಶರ್ಟುಗಳ ಬಿಟ್ಟ ದಾರ ಹುಡುಕುವ ಕೆಲಸ. ಮೀಟಿಂಗ್‌ನಲ್ಲಿ ಒಂದು ಮಾತೂ ಆಡುವುದಿಲ್ಲ, ಎಲ್ಲರ ಬಟ್ಟೆಯ ದಾರ ಮಾತ್ರ ಕೀಳುತ್ತಾರೆ. "ಹೆದರ್ಕೋಬೇಡ ಪುಟ್ಟಿ" ಎಂದರು, ನನಗಷ್ಟೇ ಕೇಳುವ ಹಾಗೆ.

ಪುಟ್ಟಿ. ಅಪ್ಪ ಅಮ್ಮ ಬೇರೆಯಾದ ವರ್ಷ, ಐದನೇ ಕ್ಲಾಸಿಗೆ, ನಾನು ಕನ್ನಡವೇ ಇಲ್ಲದ ಹಾಸ್ಟೆಲ್ ಸೇರಿದ್ದು. ಅಲ್ಲಿಂದ ಇಲ್ಲಿಯವರೆಗೆ ಯಾರೂ ಹಾಗೆ ಕರೆದಿರಲಿಲ್ಲ.

ಜುಲೈ 26, ಶನಿವಾರ

ಕಾಲೇಜಿನಿಂದ ನೇರ ಜಯನಗರದ ಲೈಬ್ರರಿಗೆ. ವಾಪಸ್ ಬಂದ ಪುಸ್ತಕಗಳ ಮೇಜಿನ ಮೇಲೆ ಒಂದು ಹಸಿರು ರಟ್ಟಿನ ಪುಸ್ತಕ. ಸಣ್ಣದು. ಒಬ್ಬ ತಾಯಿ "ನಾನು, ನನ್ನ ಮಗ" ಎಂದು ಬರೆದುಕೊಂಡಿದ್ದಾಳೆ, ತಾರೀಖು ಹಾಕಿ. ಹದಿನೇಳು ವರ್ಷದ ಮಗ ಮನೆ ಬಿಟ್ಟು ಹೋಗುತ್ತಾನೆ. ಹನ್ನೊಂದು ವರ್ಷದ ಮೇಲೆ ಗುಂತಕಲ್ ಸ್ಟೇಷನ್ನಿನ ಎರಡನೇ ಪ್ಲಾಟ್‌ಫಾರ್ಮಿನ ಟೀ ಕ್ಯಾಂಟೀನಿನಲ್ಲಿ ಲೋಟ ತೊಳೆಯುತ್ತಾ ಸಿಗುತ್ತಾನೆ. ವಾಕ್ಯಗಳು ಚಿಕ್ಕವು. ನನಗೂ ಅರ್ಥವಾಯಿತು!

ಮುನ್ನುಡಿ ಹದಿನಾಲ್ಕು ಪುಟ. ಅದರಲ್ಲಿ ಒಂದೊಂದು ವಾಕ್ಯವೂ ಗೂಡ್ಸ್ ಟ್ರೇನಿನಷ್ಟು ಉದ್ದ. ಎರಡು ವಾಕ್ಯಕ್ಕೇ ತಲೆ ಸುತ್ತಿತು... ಬಿಟ್ಟೆ.

ಆಗಸ್ಟ್ 2, ಶನಿವಾರ

ಮುಗಿಸಿದೆ. ಕೊನೆಯ ಪುಟ ಓದಿ ಬಸ್ಸಿನಲ್ಲೇ ಅತ್ತೆ. ಕಂಡಕ್ಟರ್ ನೋಡಿ ಟಿಕೆಟ್ ಕೇಳದೆ ಮುಂದೆ ಹೋದ, ಆಮೇಲೆ ವಾಪಸ್ ಬಂದು ಕೇಳಿದ.

ಸಂಜೆ ಪ್ರಮೋದ್‌ನ ಜೆರಾಕ್ಸ್ ಅಂಗಡಿ. ಅವನೂ ಗುಂಪಿನವನೇ. ಇರುವುದು ಒಂದೇ ಪುಸ್ತಕವಾದರೆ ಎಲ್ಲರಿಗೂ ಅವನೇ ಕಾಪಿ ತೆಗೆಯುವುದು.

"ಮುನ್ನುಡೀನೂ ಹಾಕ್ಲಾ ಅರ್ಪಿತ?"

"ಬೇಡ. ಅದನ್ನ ಯಾರು ಓದ್ತಾರೆ?"

"ಕರೆಕ್ಟ್ ಗುರು. ಪೇಪರ್ ಉಳೀತು."

ಆಗಸ್ಟ್ 3, ಭಾನುವಾರ

ಅಂಕಲ್ ಎಲ್ಲರ ಮುಂದೆ ಕೇಳಿದರು. "ಮೊದಲ ಅಕ್ಷರದಿಂದ ಕೊನೇ ಅಕ್ಷರದವರೆಗೂ ಓದಿದೀಯೇನಮ್ಮ?"

"ಹೌದು ಅಂಕಲ್."

"ನಿಜವಾಗಿ ನಡೆದಿದ್ದು ತಾನೆ?"

"ಹೌದು. ಆ ತಾಯೀನೇ ಬರೆದಿರೋದು."

ಇಷ್ಟು ಗಟ್ಟಿಯಾಗಿ ಕನ್ನಡದಲ್ಲಿ ನಾನು ಯಾವತ್ತೂ ಉತ್ತರ ಕೊಟ್ಟಿರಲಿಲ್ಲ. ಕಾಪಿಗಳನ್ನು ಹಂಚಿದೆ. ಚಪ್ಪಾಳೆ ಕೂಡ ಬಿತ್ತು.

ಆಗಸ್ಟ್ 17, ಭಾನುವಾರ

ಇವತ್ತು ಚರ್ಚೆ. ಪ್ರಮೋದ್ ಶುರು ಮಾಡಿದ. "ಎಲ್ಲಾ ಓಕೆ ಸಾರ್. ಆದ್ರೆ ಹನ್ನೊಂದು ವರ್ಷ ಆದ್ಮೇಲೆ ಟೀ ಕುಡಿಯೋಕೆ ಹೋದಾಗ ಮಗ ಸಿಗ್ತಾನೆ ಅಂದ್ರೆ... ಸ್ವಲ್ಪ ಸಿನಿಮಾ ಥರ ಆಗ್ಲಿಲ್ವಾ?"

"ಪ್ರಮೋದ್, ಇದು ಯಾವ ತಿಂಗಳು?" ಅಂಕಲ್.

"ಸಾರಿ ಸಾರ್. ನಿಜದ ತಿಂಗಳು."

ಆಗ ಇಂದ್ರಾಣಿ ಆಂಟಿ ಎಲ್ಲರ ಮುಂದೆ ಮಾತಾಡಿದರು. ಎರಡು ವರ್ಷದಲ್ಲಿ ಮೊದಲ ಸಲವಂತೆ. ಜೆರಾಕ್ಸ್ ಹಾಳೆಗಳನ್ನು ಅವರು ಕೈಯಲ್ಲಿ ಹೊಲಿದು ಪುಸ್ತಕ ಮಾಡಿಕೊಂಡಿದ್ದರು, ನೀಟಾಗಿ, ಶರ್ಟಿನ ಕಾಲರ್ ಹಾಗೆ.

"ಆಗುತ್ತೆ ಪ್ರಮೋದ್. ಆಗದೇ ಇದ್ರೆ ಯಾಕೆ ಬರೀತಿದ್ರು? ಆ ಯಮ್ಮ ಹನ್ನೊಂದು ವರ್ಷ ಕಾದ್ರು. ನಂದು ಇನ್ನೂ ಆರು."

ಅಂಕಲ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಅವರಿಗೆ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. ನನಗೆ ಗೊತ್ತಿರಲಿಲ್ಲ.

ಆಗಸ್ಟ್ 19, ಮಂಗಳವಾರ

ಆಂಟಿ ಮನೆಗೆ ಕರೆದಿದ್ದರು. ಪುಟ್ಟೇನಹಳ್ಳಿ ಕೆರೆಯ ಹಿಂದಿನ ರಸ್ತೆ, ಒಂದೇ ರೂಮು. ಗೋಡೆಯಲ್ಲಿ ಬುದ್ಧನ ಚಿತ್ರ, ಅದರ ಪಕ್ಕ ಮಗನ ಫೋಟೋ. ಸುಭಾಷ್. ಪಿಯುಸಿ ಫೇಲಾದ ದಿನ ಮನೆ ಬಿಟ್ಟು ಹೋದವನು. ಆಂಟಿ ಬೈದಿರಲಿಲ್ಲವಂತೆ. "ಬೈದಿದ್ರೆ ಚೆನ್ನಾಗಿತ್ತು ಪುಟ್ಟಿ. ಮಾತಾಡ್ದೆ ಕೂತಿದ್ದೆ. ನಾನು ಬೇಡವಾದೆ ಅಂದ್ಕೊಂಡ್ನೋ ಏನೋ."

ಅನ್ನ, ಬಸ್ಸಾರು, ಉಪ್ಪಿನಕಾಯಿ. ನನಗೆ ಮೂರು ಸಲ ಬಡಿಸಿದರು. ಆರು ವರ್ಷದಿಂದ ಇಬ್ಬರಿಗೆ ಅಳತೆ ಹಾಕಿ ಅಕ್ಕಿ ಇಡುವುದು ಬಿಟ್ಟಿದ್ದರಂತೆ; ಪುಸ್ತಕ ಮುಗಿಸಿದ ರಾತ್ರಿಯಿಂದ ಮತ್ತೆ ಇಡುತ್ತಿದ್ದಾರಂತೆ. ಹೇಳುವಾಗ ನಗುತ್ತಿದ್ದರು. ಹಲ್ಲು ಕಾಣುವ ನಗು. ನಾನು ಮೊದಲ ಸಲ ನೋಡಿದ್ದು.

"ನೀನು ಈ ಪುಸ್ತಕ ಆರ್ಸಿದ್ದು ಸುಮ್ನೆ ಅಲ್ಲ" ಎಂದರು.

ಬರುವಾಗ ಡಬ್ಬಿಯಲ್ಲಿ ಬಸ್ಸಾರು ಕೊಟ್ಟರು. ಅಜ್ಜಿ ರುಚಿ ನೋಡಿ, "ನಮ್ಮನೆಗಿಂತ ಚೆನ್ನಾಗೈತೆ. ಹಂಗಂತ ಅವಳಿಗೆ ಹೇಳ್ಬೇಡ" ಎಂದಳು.

ಆಗಸ್ಟ್ 23, ಶನಿವಾರ, ಮಧ್ಯಾಹ್ನ 3

ಲೈಬ್ರರಿ ಹೊರಗಿನ ಕಟ್ಟೆಯಿಂದ.

ಪುಸ್ತಕ ವಾಪಸ್ ಕೊಡಲು ಬಂದೆ. ಕ್ಯೂ ಇತ್ತು. ಸುಮ್ಮನೆ ಮುನ್ನುಡಿ ತೆಗೆದೆ. ಈಗ ಸ್ವಲ್ಪ ವೇಗವಾಗಿ ಓದುತ್ತೇನಲ್ಲ — ತೋರಿಸಿಕೊಳ್ಳಬೇಕಿತ್ತು, ನನಗೇ. ಹದಿಮೂರನೇ ಪುಟ:

"ಈ ತಾಯಿ ನಾನಲ್ಲ. ನನಗೆ ಮಕ್ಕಳಿಲ್ಲ. ಗುಂತಕಲ್ ಸ್ಟೇಷನ್ನನ್ನು ರೈಲಿನ ಕಿಟಕಿಯಿಂದ ಒಮ್ಮೆ ಕಂಡಿದ್ದೇನೆ, ಇಳಿದಿಲ್ಲ."

ನಾಲ್ಕು ಸಲ ಓದಿದೆ. ಇಂಗ್ಲಿಷಿಗೆ ಮಾಡಿಕೊಂಡು ಓದಿದೆ. ಆಗಲೂ ಅದೇ ಅರ್ಥ.

ಕಾದಂಬರಿ. ಕಥೆಯ ತಿಂಗಳ ಪುಸ್ತಕ.

ಆಗಸ್ಟ್ 24, ಭಾನುವಾರ

ಹೇಳಲೇಬೇಕೆಂದು ಪುಟ್ಟೇನಹಳ್ಳಿಗೆ ಹೋದೆ. ಆಂಟಿ ಕೆರೆ ಏರಿಯ ಮೇಲೆ ಸಿಕ್ಕಿದರು, ತರಕಾರಿ ಚೀಲ ಹಿಡಿದುಕೊಂಡು. ಪುಸ್ತಕದ ಮಾತೇ ಮಾತು. ಆ ತಾಯಿ ಮಗನನ್ನು ನೋಡಿ ಮೊದಲು ಹೆಸರು ಕರೆಯದೆ ಒಂದು ಟೀ ಕೇಳಿದಳಲ್ಲ, "ಎಷ್ಟು ಜಾಣೆ ನೋಡು. ನಾನಾಗಿದ್ರೆ ಕಿರುಚ್ಬಿಡ್ತಿದ್ದೆ. ಓಡ್ಹೋಗ್ತಿದ್ದ. ಈಗ ಗೊತ್ತಾಯ್ತು, ಮೊದ್ಲು ಟೀ ಕೇಳ್ಬೇಕು."

"ಆಂಟಿ" ಅಂದೆ.

"ಏನ್ ಪುಟ್ಟಿ?"

"...ಕಾಲೇಜಲ್ಲಿ ಇಂಟರ್ನಲ್ಸ್ ಟೆಸ್ಟ್ ಇದೆ."

"ಅದಕ್ಕೆ ಮುಖ ಇಷ್ಟು ಸಣ್ಣ ಮಾಡ್ಕೊಂಡಿದೀಯಾ!" ಕೂದಲು ಸರಿಮಾಡಿದರು.

ಇಂಟರ್ನಲ್ಸ್! ಅದೊಂದೇ ಬಾಯಿಗೆ ಬಂದದ್ದು. ಅವರ ಸಂತೋಷ ಒಡೆಯಬಾರದೆಂದು ಸುಮ್ಮನಾದೆ ಅಂತ ಬರೆಯಲು ಹೊರಟಿದ್ದೆ. ಸುಳ್ಳು. ಹೇಳಿದರೆ ಮತ್ತೆ ಪುಟ್ಟಿ ಅನ್ನುವುದಿಲ್ಲ ಅಂತ ಭಯ.

ಸೆಪ್ಟೆಂಬರ್ 4, ಗುರುವಾರ

ಹನ್ನೊಂದು ದಿನ ಬರೆದಿಲ್ಲ. ಗಣೇಶ ಬಂದ, ಹೋದ. ಅಕೌಂಟ್ಸ್ ಪೇಪರ್ ಹಾಳಾಯಿತು. ಆಂಟಿ ದಿನಾ ಗುಡ್ ಮಾರ್ನಿಂಗ್ ಮೆಸೇಜ್ ಕಳಿಸುತ್ತಾರೆ, ಹೂವಿನ ಚಿತ್ರ. ನಾನೂ ಹೂವು ಕಳಿಸುತ್ತೇನೆ. ಭಾನುವಾರ ಮೀಟಿಂಗ್ ಮುಗಿದ ಮೇಲೆ ಹೇಳಿಬಿಡುತ್ತೇನೆ. ಖಂಡಿತ.

ಸೆಪ್ಟೆಂಬರ್ 7, ಭಾನುವಾರ, ಮಧ್ಯಾಹ್ನ 1

ಆಂಟಿ ಬರಲಿಲ್ಲ.

"ಇಂದ್ರಾಣಮ್ಮ ಫ್ಯಾಕ್ಟ್ರೀಲಿ ಮೂರು ದಿನ ರಜಾ ಹಾಕಿ ಊರಿಗೆ ಹೋಗವ್ರೆ" ಎಂದರು ಅಂಕಲ್. "ಯಾವೂರು ಅಂದ್ರೆ ಹೇಳ್ಲಿಲ್ಲ. ನಕ್ಕರು. ಬ್ಯಾಗಲ್ಲಿ ಹೊಸ ಶರ್ಟ್ ಇತ್ತು."

ನನಗೆ ಯಾವೂರೆಂದು ಗೊತ್ತಾಯಿತು.

ಅದೇ ದಿನ, 4.10

ಈಗಷ್ಟೇ ಫೋನ್ ಬಂತು. ಹಿಂದೆ ತೆಲುಗಿನಲ್ಲಿ ಅನೌನ್ಸ್‌ಮೆಂಟ್.

"ಪುಟ್ಟಿ, ನಾನು. ಗುಂತಕಲ್‌ನಲ್ಲಿದೀನಿ. ನಿನ್ನೆನೇ ಬಂದೆ. ಎರಡನೇ ಪ್ಲಾಟ್‌ಫಾರ್ಮ್‌ನಲ್ಲಿ ಅಂಥ ಕ್ಯಾಂಟೀನೇ ಇಲ್ಲ ಕಣೆ. ಮೊದಲು ಇತ್ತಾ, ಮುಚ್ಬಿಟ್ರಾ ಅಂತ ಪೋರ್ಟರ್‌ಗಳ್ನೆಲ್ಲ ಕೇಳ್ದೆ. ಎಲ್ಲಾ ಅಂಗಡೀಲೂ ಒಂದೊಂದು ಟೀ ಕುಡ್ದೆ, ಹೊಟ್ಟೆ ಉರೀತಿದೆ." ನಕ್ಕರು. "ಆ ಪುಸ್ತಕ ಬರೆದ ಯಮ್ಮನ ನಂಬರ್ ಸಿಗುತ್ತಾ? ಮನೆ ಬಿಟ್ಟು ಬಂದ ಹುಡುಗ್ರು ಎಲ್ಲಿರ್ತಾರೆ ಅಂತ ಅವರ ಮಗನಿಗೆ ಗೊತ್ತಿರುತ್ತಲ್ಲ. ಸುಭಾಷ್ ಫೋಟೋ ಅವನಿಗೆ ಒಂದ್ಸಲ ತೋರ್ಸಿದ್ರೆ..."

ನಾನು ಹೇಳಿದ್ದು: "ಕೇಳಿ ಹೇಳ್ತೀನಿ ಆಂಟಿ."

ಬರೆದದ್ದನ್ನು ಹೊಡೆದುಹಾಕಬೇಕೆನ್ನಿಸುತ್ತಿದೆ. ಹೊಡೆಯುವುದಿಲ್ಲ. ಹೇಳಿದ್ದು ಅದನ್ನೇ.

ಅದೇ ದಿನ, 6

ಅಂಕಲ್ ಮನೆಗೆ ಓಡಿದೆ. ಮುನ್ನುಡಿಯಿಂದ ಫೋನಿನವರೆಗೆ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ.

"ಪ್ರಮೋದ್ ಡೌಟ್ ಪಟ್ಟಿದ್ದ. ಬಾಯಿ ಮುಚ್ಚಿಸ್ದೋನು ನಾನು" ಎಂದರು. "ಒಂದ್ ಮಾತು ನಾನೂ ವಿಚಾರಿಸ್ಲಿಲ್ಲ."

"ಅಂಕಲ್, ನೀವೇ ಹೇಳ್ತೀರಾ? ನೀವು ಹೇಳಿದ್ರೆ ಅವರು..."

"ಹೇಳ್ಬೋದು. ಆದ್ರೆ ಅವರು ಅಲ್ಲಿ ಕಾಯ್ತಿರೋದು ನಿನ್ನ ಫೋನ್‌ಗಮ್ಮ, ನಂದಕ್ಕಲ್ಲ."

ಬಾಗಿಲವರೆಗೆ ಬಂದು ಇನ್ನೊಂದು ಮಾತು ಹೇಳಿದರು. "ಸುತ್ತಿ ಬಳಸಿ ಹೇಳ್ಬೇಡ. ಒಂದೇ ಸಲಕ್ಕೆ ಹೇಳು."

ಕನಕಪುರ ರೋಡಿನ ಬಸ್‌ಸ್ಟಾಪಿನಲ್ಲಿ ನಿಂತು ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಸ್ವಿಚ್ ಆಫ್.

ಸೆಪ್ಟೆಂಬರ್ 8, ಸೋಮವಾರ, ಬೆಳಿಗ್ಗೆ 7.20

6.40ಕ್ಕೆ ಆಂಟಿಯ ಮೆಸೇಜ್ ಬಂದಿದೆ. ಇವತ್ತು ಹೂವಿಲ್ಲ. "ಚಾರ್ಜ್ ಖಾಲಿ ಆಗಿತ್ತು. ವೇಟಿಂಗ್ ಹಾಲ್‌ನಲ್ಲಿ ಮಲಗಿದ್ದೆ. ನಂಬರ್ ಸಿಕ್ತಾ ಪುಟ್ಟಿ? ರಜಾ ಇವತ್ತಿಗೆ ಮುಗಿಯುತ್ತೆ. ನೀನು ಹೂಂ ಅಂದ್ರೆ ಇನ್ನೂ ಇರ್ತೀನಿ, ಕೆಲಸ ಹೋದ್ರೆ ಹೋಗ್ಲಿ."

ತಕ್ಷಣ ಫೋನ್ ಮಾಡಿದೆ. ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಟೀ ಅಂಗಡಿಯಲ್ಲಿ ಚಾರ್ಜ್‌ಗೆ ಹಾಕಿ ಪ್ಲಾಟ್‌ಫಾರ್ಮ್ ಸುತ್ತಲು ಹೋಗಿರಬೇಕು, ಫೋಟೋ ಹಿಡಿದು.

ಅಜ್ಜಿಗೂ ಹೇಳಿದೆ. ಹುರುಳಿಕಾಯಿ ಬಿಡಿಸುತ್ತಿದ್ದವಳು ನಿಲ್ಲಿಸಿದಳು. "ಬಂದ್ರೆ ನೇರ ಇಲ್ಲಿಗೇ ಕರ್ಕೊಂಡ್ ಬಾ. ಆ ಒಂಟಿ ಮನೇಗೆ ಇವತ್ತು ಬಿಡ್ಬೇಡ" ಎಂದಳು.

ಮೆಸೇಜ್‌ನಲ್ಲೇ ಹೇಳಬೇಕು, ಅವರು ಇನ್ನೊಂದು ದಿನ ಅಲ್ಲಿ ಉಳಿಯುವ ಮೊದಲು. ತಪ್ಪಾಗಬಾರದೆಂದು ಮೊದಲು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಆಂಟಿ, ಆ ಪುಸ್ತಕ ನಿಜ ಅಲ್ಲ. ಕಥೆ. ಬರೆದವರಿಗೆ ಮಕ್ಕಳಿಲ್ಲ. ಆ ಕ್ಯಾಂಟೀನ್ ಯಾವತ್ತೂ ಇರಲಿಲ್ಲ. ಮುನ್ನುಡಿಯಲ್ಲಿ ಹಾಗಂತ ಬರೆದಿತ್ತು, ನಾನು ಅದನ್ನು ಓದದೆ ಓದಿದ್ದೀನಿ ಅಂದೆ. ಆಗಸ್ಟ್ 23ಕ್ಕೆ ಓದಿದೆ. ಆಮೇಲೂ ನಿಮಗೆ ಹೇಳಲಿಲ್ಲ. ನೀವು ನನ್ನನ್ನು ಬಿಟ್ಟುಬಿಡ್ತೀರಿ ಅಂತ ಭಯ ಆಯ್ತು, ಅದಕ್ಕೆ. ನಿನ್ನೆ ಫೋನ್‌ನಲ್ಲೂ ಹೇಳಲಿಲ್ಲ. ದಯವಿಟ್ಟು ಅಲ್ಲಿ ಇನ್ನು ಕಾಯಬೇಡಿ. ಯಾವ ಟ್ರೇನ್ ಹತ್ತುತ್ತೀರಿ ಅಂತ ಹೇಳಿ, ನಾನು ಸ್ಟೇಷನ್‌ಗೆ ಬರ್ತೀನಿ. ನನ್ನ ಜೊತೆ ಮಾತಾಡದಿದ್ರೂ ಪರವಾಗಿಲ್ಲ, ಟ್ರೇನ್ ಹೆಸರು ಮಾತ್ರ ಹಾಕಿ. ಇದನ್ನು ನೋಡಿದ ತಕ್ಷಣ ಉತ್ತರ ಕೊಡಿ ಆಂಟಿ, ಬೇಗ.

7.40. ಬರೆದ ಹಾಗೇ ಕಳಿಸಿದೆ.