ಏಳು ಮೀಟರ್ ಬಿಳಿ ಬಟ್ಟೆ

ದೇರಾ, ದುಬೈ
17 ಜನವರಿ 2026, ಶನಿವಾರ

ಸಬೀನಳ ಉಪ್ಪನಿಗೆ,

ಅಸ್ಸಲಾಮು ಅಲೈಕುಂ. ನಾನೂ ನಿಮ್ಮ ಮಗಳು ಸಬೀನಳೂ ಚೆನ್ನಾಗಿದ್ದೇವೆ. ನೀವು ಚೆನ್ನಾಗಿದ್ದೀರಾ ಎಂದು ಈ ಸಲ ಕೇಳುವುದಿಲ್ಲ, ನೀವು ಹೇಳುವುದನ್ನು ನಂಬುವ ಅಭ್ಯಾಸ ಈ ವಾರ ತಪ್ಪಿಹೋಗಿದೆ. ಫೋನಿನಲ್ಲಿ ಮಾತಾಡಿದರೆ ನಿಮ್ಮ ರೂಮಿನ ಐವರೂ ಕಿವಿ ನಿಮಿರಿಸುತ್ತಾರೆ. ಅದಕ್ಕೇ ಕಾಗದ ಬರೆದು ನನ್ನ ತಮ್ಮ ಉಸ್ಮಾನನ ಕೈಯಲ್ಲಿ ಕಳಿಸುತ್ತಿದ್ದೇನೆ. ಪೂರ್ತಿ ಓದಿ, ನಡುವೆ ಎದ್ದು ಚಹಾಕ್ಕೆ ಹೋಗಬೇಡಿ.

ಕಳೆದ ಭಾನುವಾರ ನೀವು ಮದೀನತ್ ಜಾಯೆದ್‌ಗೆ ಕೆಲಸಕ್ಕೆ ಹೊರಟ ಮೇಲೆ ನಿಮ್ಮ ಜಾಕೆಟ್ ಒಗೆಯಲು ತೆಗೆದೆ. ಕಿಸೆಯಲ್ಲಿ ಇಲ್ಲೇ ದೇರಾದ ಅಂಗಡಿಯ ಚೀಟಿ. ಹಿಂದಿನ ತಿಂಗಳದ್ದು. ಬಿಳಿ ಮಲ್ ಬಟ್ಟೆ ಏಳು ಮೀಟರ್, ಅತ್ತರ್ ಒಂದು ಕುಪ್ಪಿ. ಕಟ್ಟಿಕೊಂಡವಳು ಹೊಲಿಗೆಯವಳು ಎಂಬುದು ಮರೆತುಹೋಯಿತೇ? ಯಾವ ಗಂಡಸಿನ ಅಂಗಿಗೆ ಏಳು ಮೀಟರ್ ಬೇಕು? ನನ್ನ ತಲೆಗೆ ಮೊದಲು ಬಂದದ್ದು ಮದುವೆ. ಅಲ್ಲಿ ಯಾರನ್ನೋ ನಿಕಾಹ್ ಮಾಡಿಕೊಂಡು ಅತ್ತರ್ ಹಚ್ಚಿಕೊಂಡು ಕೂತಿದ್ದೀರಿ ಎಂದುಕೊಂಡೆ. ಎರಡು ದಿನ ಆ ಹೆಂಗಸಿನ ಮೂಗು, ಎತ್ತರ ಎಲ್ಲ ನಾನೇ ಊಹಿಸಿಕೊಂಡು ಬಾಯಿ ತುಂಬ ಬಯ್ದೆ.

ಮಂಗಳವಾರ ನಿಮ್ಮ ಚೀಲ ಕೊಡವಿದಾಗ ಮರಳಿನ ಜೊತೆ ಕರ್ಪೂರದ ಚೂರು ಬಿತ್ತು. ಅಲ್ಲೇ ಕೂತು ಅಂಗಡಿಯ ಚೀಟಿಯನ್ನು ಮತ್ತೆ ಓದಿದೆ. ಬಿಳಿ ಬಟ್ಟೆ, ಅತ್ತರ್, ಕರ್ಪೂರ ಮೂರೂ ಒಟ್ಟಿಗೆ ಬೇಕಾಗುವುದು ಮಯ್ಯತ್ತಿಗೆ, ಹೆಣ ಹೂಳುವುದಕ್ಕೆ, ಮದುವೆಗಲ್ಲ. ಆಗ ನೀವು ಓಡಿಸುವ ನೀರಿನ ಟ್ಯಾಂಕರಿನ ಒಡೆದ ದೀಪ ನೆನಪಾಯಿತು. ಒಂಟೆ ಅಡ್ಡ ಬಂತು ಎಂದಿದ್ದಿರಿ. ಒಂಟೆಗೆ ಯಾರಾದರೂ ಕಫನ್ ಹೊದಿಸುತ್ತಾರೆಯೇ? ಒಂಟೆ ಕಾಯುವ ಯಾವನೋ ಬಡಪಾಯಿಗೆ ಗಾಡಿ ಬಡಿದು, ಹೆದರಿ ಮರಳಿನಲ್ಲಿ ಹೂತುಬಿಟ್ಟಿದ್ದೀರಿ ಎಂದು ಖಾತ್ರಿ ಮಾಡಿಕೊಂಡೆ. ಮರುಭೂಮಿಯಲ್ಲಿ ಯಾರಾದರೂ ಸತ್ತರೆ ಏನು ಮಾಡುತ್ತಾರೆ ಎಂದು ಫೋನಿನಲ್ಲಿ ಸುಮ್ಮನೆ ಕೇಳಿದ್ದಕ್ಕೆ, "ನಿಂಗೆ ಯಾರು ಹೇಳಿದ್ದು?" ಎಂದು ಹಾರಿಬಿದ್ದಿರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಯಿತು.

ನಿನ್ನೆ ರಜೆಗೆ ಬಂದ ಉಸ್ಮಾನನನ್ನು ಹಿಡಿದೆ, ನಿಮ್ಮ ಕ್ಯಾಂಪಿನಲ್ಲೇ ದುಡಿಯುವವನಿಗೆ ಗೊತ್ತಿರದೆ ಇರುತ್ತದೆಯೇ? ಮೊದಲು "ನಂಗೆಂತ ಗೊತ್ತಿಲ್ಲ" ಎಂದ. ಕುರ್‌ಆನಿನ ಮೇಲೆ ಕೈಯಿಟ್ಟು ಹೇಳು ಎಂದ ಕೂಡಲೇ ಬಾಯಿ ಬಿಟ್ಟ. ಅವನನ್ನೂ ನಂಬದೆ, ಅವನ ಗಾಡಿಯಲ್ಲೇ ಕೂತು ಹೋಗಿ ಕಣ್ಣಾರೆ ನೋಡಿ ಬಂದೆ.

ಟಾರು ರಸ್ತೆ ಬಿಟ್ಟು ಬಹಳ ಒಳಗೆ, ಮರಳ ದಿಣ್ಣೆಯ ಹಿಂದೆ ವಿಮಾನದ ರೆಕ್ಕೆಯ ತುಂಡು, ತುಕ್ಕು ಹಿಡಿದ ಎಂಜಿನ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಿದ್ದದ್ದಂತೆ. ಗಾಳಿಗೆ ಮರಳು ಸರಿದಾಗ ನಿಮಗೆ ಕಂಡಿತಂತೆ, ಒಳಗೆ ಒಬ್ಬನ ಎಲುಬುಗಳಿದ್ದವಂತೆ. ಟ್ಯಾಂಕರುಗಳ ಹೊಸ ದಾರಿ ಅದರ ಮೇಲೆಯೇ ಹಾದುಹೋಗುತ್ತದೆಂದು ನೀವೂ ಉಸ್ಮಾನನೂ ಎಲುಬುಗಳನ್ನು ಆಯ್ದು, ಟ್ಯಾಂಕರಿನ ನೀರಿನಲ್ಲೇ ತೊಳೆದು, ಕಫನ್ ಸುತ್ತಿ, ಕಿಬ್ಲಾದ ದಿಕ್ಕು ನೋಡಿ ದಿಣ್ಣೆಯ ಮೇಲೆ ದಫನ ಮಾಡಿದಿರಂತೆ. ಸತ್ತವನು ನಮ್ಮವನೋ ಅಲ್ಲವೋ ಎಂದು ಉಸ್ಮಾನ ತಕರಾರು ತೆಗೆದದ್ದಕ್ಕೆ, "ಎಲುಬಲ್ಲಿ ಜಾತಿ ಬರ್ದುಂಟಾ? ಪಾಪ, ಬಿಸಿಲಲ್ಲಿ ಬಿದ್ದಿದ್ದಾನೆ, ಹಿಡಿ ನೀನು" ಎಂದಿರಂತೆ. ಒಂಟೆಯ ಕತೆಯೂ ನಿಜವೇ ಅಂತೆ, ಅದರ ಯಜಮಾನ ಇನ್ನೂ ಜಗಳ ಬಿಟ್ಟಿಲ್ಲವಂತೆ. ನಾನು ಆ ಗೋರಿಯ ತಲೆಗಲ್ಲಿನ ಹತ್ತಿರ ಕೂತು ಅತ್ತೆ. ಸತ್ತವನಿಗಾಗಿ ಎಂದು ಸುಳ್ಳು ಹೇಳುವುದಿಲ್ಲ. ನೀವು ಯಾರನ್ನೂ ಕೊಂದಿಲ್ಲವಲ್ಲ ಎಂದು ಅತ್ತೆ.

ವಾಪಸ್ ಬರುವಾಗ ಉಸ್ಮಾನ ಇನ್ನೊಂದು ಸಂಗತಿ ಹೇಳಿದ. ಹದಿನೈದು ದಿನದ ಹಿಂದೆ ವಿದೇಶದ ಹುಡುಗಿಯೊಬ್ಬಳು ಆ ಪೈಲಟಿನ ಫೋಟೋ ಹಿಡಿದುಕೊಂಡು ನಿಮ್ಮ ಕ್ಯಾಂಪಿಗೂ ಬಂದಿದ್ದಳಂತೆ. ಅವಳ ಅಜ್ಜಿ ಆ ಪೈಲಟಿನ ತಂಗಿ, ತೊಂಬತ್ತು ದಾಟಿದ್ದಾಳೆ, ಇನ್ನೂ ಬದುಕಿದ್ದಾಳೆ. ವಿಮಾನ ಎಲ್ಲಾದರೂ ಕಂಡಿರಾ ಎಂದು ಕೇಳಿದರೆ ನೀವು "ಮಾಫಿ, ಮಾಫಿ" ಎಂದು, ಇಲ್ಲವೇ ಇಲ್ಲ ಎಂದು ಕೈಯಾಡಿಸಿ ಕಳಿಸಿದಿರಿ. ಎಲುಬು ಮುಟ್ಟಿದ್ದಕ್ಕೆ ಜೈಲು, ವೀಸಾ ಖಲಾಸ್ ಎಂಬ ಹೆದರಿಕೆ ನಿಮಗೆ. ನನಗಿಲ್ಲವೇ? ಸಬೀನಳ ಹತ್ತನೆಯ ತರಗತಿಯ ಪರೀಕ್ಷೆ ಮುಂದಿನ ತಿಂಗಳು. ಆದರೂ ಒಂದು ಮಾತು ಕೇಳಿ. ನಿಮ್ಮ ವಿಷಯ ತಿಳಿಯದೆ ಒಂದು ವಾರ ದೂಡುವಷ್ಟರಲ್ಲಿ ನನಗೆ ಅರೆಹುಚ್ಚು ಹಿಡಿಯಿತು. ಆ ಮುದುಕಿ ಹೀಗೆ ಎಂಬತ್ತು ವರ್ಷ ದೂಡಿದ್ದಾಳೆ. ಪೊಲೀಸರ ಹತ್ತಿರ ಹೋಗಿ ನೀವೇ ಹೇಳಿಬಿಡಿ, ಅವರು ಆ ಹುಡುಗಿಗೆ ತಿಳಿಸುತ್ತಾರೆ. ಇನ್ನು ನಮ್ಮಿಬ್ಬರ ನಡುವೆಯೂ ಮುಚ್ಚುಮರೆ ಬೇಡ.

ನಿಮ್ಮ
ನಸೀಮ

ತಾ.ಕ.: ಭಾನುವಾರ ಬೆಳಿಗ್ಗೆ. ಮುಚ್ಚುಮರೆ ಬೇಡ ಎಂದು ಬರೆದ ಕೈಯಲ್ಲೇ ಇದನ್ನೂ ಬರೆಯಬೇಕಾಗಿದೆ. ಬುಧವಾರ, ಉಸ್ಮಾನ ಬಾಯಿ ಬಿಡುವ ಮೊದಲೇ, ಯಾರಿಗೋ ಗಾಡಿ ಬಡಿದು ಮರಳಿನಲ್ಲಿ ಹೂತಿದ್ದಾರೆ ಎಂದು ನಾನು ಪೊಲೀಸರಿಗೆ ಫೋನ್ ಮಾಡಿಬಿಟ್ಟಿದ್ದೆ. ನಿಮ್ಮ ಹೆಸರು ಹೇಳಲಿಲ್ಲ, ಟ್ಯಾಂಕರಿನ ನಂಬರ್ ಹೇಳಿದೆ. ನಿನ್ನೆ ಸಂಜೆ ಅವರು ತಿರುಗಿ ಫೋನ್ ಮಾಡಿದರು. ಇವತ್ತು ಹನ್ನೊಂದರೊಳಗೆ ನೀವಾಗಿಯೇ ಠಾಣೆಗೆ ಬರುತ್ತೀರಿ ಎಂದು ಮಾತು ಕೊಟ್ಟಿದ್ದೇನೆ. ಎದುರು ನಿಂತು ಹೇಳಲು ನನಗೆ ಬಾಯಿ ಬರಲಿಲ್ಲ. ನಿಮ್ಮ ಕ್ಯಾಂಪಿನ ಗೇಟಿನ ಹೊರಗೆ ಉಸ್ಮಾನನ ಗಾಡಿಯಲ್ಲಿ ಕೂತಿದ್ದೇನೆ. ಒಗೆದ ಅಂಗಿ ಹಾಕಿಕೊಂಡು ಬನ್ನಿ. ಬಯ್ಯುವುದಿದ್ದರೆ ದಾರಿಯಲ್ಲಿ ಬಯ್ಯಿರಿ. ಹೂತವರು ನೀವಿಬ್ಬರು, ದೂರಿದವಳು ನಾನು, ಮೂವರೂ ಒಟ್ಟಿಗೇ ಒಳಗೆ ಹೋಗೋಣ.