ಎಡಗೈಯಲ್ಲಿ ಬರೆದ ಪ್ರಶ್ನೆ

ಮಾರ್ಚ್ ೧೧, ಸೋಮವಾರ
ಆಸ್ಪತ್ರೆಯ ಮಾಹಿತಿ ಕೋಣೆ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ನಿನಗೆ ಕಾಗದ ಬರೆದು ಯಾವ ಕಾಲವಾಯಿತೋ, ಬೈದುಕೋ, ಪರವಾಗಿಲ್ಲ. ಫೋನ್ ಇರುವಾಗ ಕಾಗದವೇಕೆ ಎನ್ನಬೇಡ. ಫೋನಿನಲ್ಲಿ ಏನು ಹೇಳಿದರೂ "ಹ್ಞೂಂ ಅಕ್ಕ" ಎಂದು ಇಟ್ಟುಬಿಡುತ್ತೀಯ, ಕಾಗದವನ್ನಾದರೆ ಎರಡು ಸಲ ಓದುತ್ತೀಯ. ಸಂಜೆ ನಿನ್ನ ಗಂಡ ಇಲ್ಲಿನ ಕ್ಯಾಂಟೀನಿಗೆ ಬ್ರೆಡ್ ಇಳಿಸಲು ಬಂದಾಗ ಅವರ ಕೈಗೇ ಕೊಡುತ್ತೇನೆ.

ಮೊದಲು ಮುಖ್ಯವಾದದ್ದು: ಇವತ್ತು ರಾತ್ರಿ ಮಾತ್ರೆ ನುಂಗು. ಅಕ್ಕನಿಗೆ ಹೇಗೆ ಗೊತ್ತಾಯಿತು ಎಂದು ಕಣ್ಣು ಬಿಡಬೇಡ, ಹೇಳುತ್ತೇನೆ.

ನಮ್ಮ ಕೋಣೆಯ ಬಾಗಿಲಲ್ಲಿ ಒಂದು ಪೆಟ್ಟಿಗೆ ಇದೆಯಲ್ಲ. ಡಾಕ್ಟರನ್ನು ಕೇಳಲು ನಾಚಿಕೆಪಡುವ ಪ್ರಶ್ನೆಗಳನ್ನು ಜನ ಹೆಸರು ಹಾಕದೆ ಬರೆದು ಅದರೊಳಗೆ ಹಾಕುತ್ತಾರೆ. ನಾನು ಹುಡುಕಿ, ಜರಡಿ ಹಿಡಿದು, ಉತ್ತರವನ್ನು ಗೋಡೆಯ ಬೋರ್ಡಿಗೆ ಅಂಟಿಸುತ್ತೇನೆ. ಇವತ್ತು ಬೆಳಿಗ್ಗೆ ಒಂದು ಕಂದು ಕಾಗದದ ಚೀಟಿ ಸಿಕ್ಕಿತು. "ಮೂರ್ಛೆ ಮಾತ್ರೆ ನುಂಗುವವಳು ಬಸುರಿ. ಮಾತ್ರೆಯಿಂದ ಮಗುವಿಗೆ ಊನವಾಗುತ್ತದೆ ಎಂದು ಗಿರಾಕಿಯೊಬ್ಬರು ಮೊಬೈಲಿನಲ್ಲಿ ತೋರಿಸಿದರು. ಈ ವಾರದಿಂದ ನಿಲ್ಲಿಸಲೇ?" ಕೆಳಗೆ ನಿನ್ನದೇ ಮಾತ್ರೆಯ ಹೆಸರು. ಅಕ್ಷರಗಳೆಲ್ಲ ಕುಡಿದವರಂತೆ ಅತ್ತಿತ್ತ ವಾಲಿದ್ದವು. ಎಡಗೈಯಲ್ಲಿ ಬರೆದರೆ ಅಕ್ಕ ಮೋಸಹೋಗುತ್ತಾಳೆ ಎಂದುಕೊಂಡೆಯಾ, ಮಹಾತಾಯಿ?

ಆ ಸಂದೇಶ ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ಮೂರ್ಛೆಗೆ ಕೊಡುವ ಕೆಲವು ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೆ ನಿಜಕ್ಕೂ ಒಳ್ಳೆಯದಲ್ಲ. ಅಂಥ ಒಂದು ಮಾತ್ರೆಯ ಬಗ್ಗೆ ನಡೆದ ಅಧ್ಯಯನವನ್ನು ಯಾರೋ ಪುಣ್ಯಾತ್ಮ ಎಲ್ಲ ಮಾತ್ರೆಗಳ ತಲೆಗೂ ಕಟ್ಟಿದ್ದಾನೆ. ನಿನ್ನದು ಆ ಗುಂಪಿನದಲ್ಲ. ನಿನ್ನ ಮಾತ್ರೆಯನ್ನೇ ನುಂಗಿದ ಸಾವಿರಾರು ಬಸುರಿಯರನ್ನು ಗಮನಿಸಿ ಬರೆದ ವರದಿಗಳನ್ನು ಬೆಳಗಿನಿಂದ ಓದಿದೆ. ಒಂದಕ್ಕೆ ಮಾತ್ರೆ ಮಾರುವ ಕಂಪನಿಯೇ ದುಡ್ಡು ಕೊಟ್ಟಿತ್ತು, ಅದನ್ನು ಪಕ್ಕಕ್ಕಿಟ್ಟೆ. ಉಳಿದವುಗಳಲ್ಲಿ, ಮಾತ್ರೆ ನುಂಗದ ತಾಯಂದಿರ ಮಕ್ಕಳಿಗೂ ಇವರ ಮಕ್ಕಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಪಾಯ ಸೊನ್ನೆ ಎಂದು ಯಾರೂ ಬರೆದುಕೊಡಲಾರರು. ಆದರೆ ನೀನು ಏಕಾಏಕಿ ಮಾತ್ರೆ ಬಿಟ್ಟು, ಮೂರ್ಛೆ ಬಂದು ಹೊಲಿಗೆ ಯಂತ್ರದ ಮೇಲೆ ಬಿದ್ದರೆ ಇಬ್ಬರಿಗೂ ಕುತ್ತು. ನಿನ್ನ ಹೆಸರು ಹೇಳದೆ ನರರೋಗದ ಡಾಕ್ಟರನ್ನೂ ಕೇಳಿದೆ. "ನಿಲ್ಲಿಸೋದು ಬೇಡವೇ ಬೇಡ. ಆದ್ರೆ ಬೇಗ ಬರೋಕೆ ಹೇಳಿ, ರಕ್ತ ನೋಡಿ ಡೋಸ್ ಸರಿಮಾಡ್ಬೇಕಾಗಬಹುದು" ಎಂದರು.

ನನ್ನದೊಂದು ಪದ್ಧತಿ ನಿನಗೆ ಗೊತ್ತಲ್ಲ. ಬರೆದ ಉತ್ತರವನ್ನು ಕ್ಯಾಂಟೀನಮ್ಮನಿಗೆ ಓದಿ ಹೇಳುತ್ತೇನೆ. ಅವರು ತಮ್ಮ ಮಾತಿನಲ್ಲಿ ತಿರುಗಿ ಹೇಳಿದ ಮೇಲೆಯೇ ಅದು ಬೋರ್ಡಿಗೆ ಹೋಗುವುದು. ಇವತ್ತು ಅಧ್ಯಯನ, ವರದಿ ಎಂದು ಉದ್ದಕ್ಕೂ ಓದಿದೆ. ಅವರು ಲೋಟ ಒರೆಸುತ್ತಾ ಕೇಳಿಸಿಕೊಂಡು, "ಅದೆಲ್ಲ ಇರ್ಲಿ, ಆ ಹುಡುಗಿ ರಾತ್ರಿ ಮಾತ್ರೆ ತಗೋಬೇಕೋ ಬೇಡ್ವೋ?" ಎಂದರು.

"ತಗೋಬೇಕು" ಎಂದೆ.

"ಮತ್ತೆ ಅದನ್ನೇ ಮೊದಲು ಹೇಳಿ. ಅಲ್ಲಿವರೆಗೂ ಅವಳ ಜೀವ ಬಾಯಿಗೆ ಬಂದಿರುತ್ತೆ."

ಹಾಗಾಗಿ ಈ ಕಾಗದದಲ್ಲೂ ಅದು ಮೇಲಕ್ಕೆ ಹೋಯಿತು. ಆಮೇಲೆ ಅವರು ನನ್ನ ಮುಖ ನೋಡಿ, "ಕಣ್ಯಾಕೆ ಕೆಂಪಗಿದೆ?" ಎಂದು ಕೇಳಿದರು. ಈರುಳ್ಳಿ ಎಂದೆ. "ಕ್ಯಾಂಟೀನ್ ನಂದು, ಈರುಳ್ಳಿ ಹೆಚ್ಚಿದ್ದು ನೀವಾ?" ಎಂದು ನಕ್ಕು ಇನ್ನೊಂದು ಲೋಟ ಒರೆಸತೊಡಗಿದರು. ಬೋರ್ಡಿಗೆ ಉತ್ತರ ಅಂಟಿಸಿ ಬಂದೆ, ಬೇರೆ ಯಾರಿಗಾದರೂ ಬೇಕಾದೀತು.

ಗುರುವಾರ ಬೆಳಿಗ್ಗೆ ನಿನಗೆ ಡಾಕ್ಟರ ಬಳಿ ಸಮಯ ಕೇಳಿಟ್ಟಿದ್ದೇನೆ. ಗಂಡನ ಗಾಡಿಯಲ್ಲೇ ಬಂದುಬಿಡು. ಆ ಗಿರಾಕಿಯ ಮೇಲೆ ರೇಗಬೇಡ, ಪಾಪ, ಒಳ್ಳೆಯದಾಗಲಿ ಎಂದೇ ತೋರಿಸಿದ್ದಾರೆ. ಇನ್ನು ಮುಂದೆ ಮಾತ್ರ ಯಾರು ಏನು ತೋರಿಸಿದರೂ, ಯಾವ ಮಾತ್ರೆ, ಯಾರನ್ನು ನೋಡಿ ಹೇಳಿದ್ದು ಎಂದು ಕೇಳು. ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆಗೆಡಬೇಡ. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ
ಅಕ್ಕ

ಮತ್ತೊಂದು ಮಾತು: ಅಕ್ಷರ ನೋಡಿ ಗುರುತು ಹಿಡಿದೆ ಎಂಬಂತೆ ಬರೆದೆನಲ್ಲ, ಹಾಗಲ್ಲ. ಚೀಟಿ ತಿರುಗಿಸಿದೆ. ಬಟ್ಟೆ ಕತ್ತರಿಸುವ ಮುಂಚೆ ನೀನು ಪೆನ್ಸಿಲಿನಲ್ಲಿ ಬರೆದುಕೊಳ್ಳುವ ಅಂಗಿಯ ತೋಳಿನ ಗೆರೆ ಹಿಂದೆ ಇತ್ತು. ನನ್ನ ಬೆರಳುದ್ದದ ತೋಳು. ಅದೇ ಅಳತೆಯ ಅಂಗಿ ನನ್ನ ಬೀರುವಿನಲ್ಲಿದೆ. ನನ್ನ ಮಗುವಿಗೆಂದು ನೀನು ಹೊಲಿದದ್ದು, ತೊಡಲು ಮಗು ಉಳಿಯಲಿಲ್ಲ. ನಿನಗೆ ಉತ್ತರ ನನ್ನದೇ ಬೇಕಿತ್ತು, ಸುದ್ದಿ ಮಾತ್ರ ನನಗೆ ತಿಳಿಯಬಾರದಿತ್ತು. ನಾನು ನೊಂದುಕೊಳ್ಳಬಾರದೆಂದು ಬಚ್ಚಿಟ್ಟೆ, ಗೊತ್ತು. ಬಚ್ಚಿಟ್ಟೆಯಲ್ಲ, ಅದಕ್ಕೇ ನೊಂದೆ. ಗುರುವಾರ ನೀನೇ ಬಾಯಿಬಿಟ್ಟು ಹೇಳು, ಮೊದಲ ಸಲ ಕೇಳಿದವಳ ಹಾಗೆ ಕೇಳುತ್ತೇನೆ. ಆ ತೋಳಿನ ಅಳತೆಗೆ ಮಾತ್ರ ಬಟ್ಟೆ ಕತ್ತರಿಸಬೇಡ. ನಿನ್ನ ಮಗುವಿನ ಮೊದಲನೇ ಅಂಗಿ ನನ್ನ ಹತ್ತಿರ ಇದೆ.