ರಾಣಿಯ ಮೀಸೆ

ಕಲಾವಿದರಿಗೆ ಗುರುತಿನ ಚೀಟಿ ಕೊಡುವ ಮಾನ್ಯ ಅಧಿಕಾರಿಗಳೇ,

ಮೀಸೆ ಬೋಳಿಸಿಕೊಂಡು ಬಂದರೆ ಮಾತ್ರ ನನ್ನನ್ನು ಬಯಲಾಟದ ಕಲಾವಿದನೆಂದು ಒಪ್ಪುವುದಾಗಿ ಮೊನ್ನೆ ಅಪ್ಪಣೆ ಕೊಟ್ಟಿರಿ. ಸರ್ಕಾರದ ಅಧಿಕಾರ ಪ್ರಜೆಯ ಮೇಲ್ತುಟಿಯವರೆಗೂ ಬಂದಿದೆಯೆಂದು ನನಗೆ ಗೊತ್ತಿರಲಿಲ್ಲ. ನಾನು ಮೇಜಿನ ಮೇಲಿಟ್ಟ ಹಳೆಯ ಫೋಟೋ ನೋಡಿ ತಾವು ಕೇಳಿದ್ದು ನೆನಪಿರಬಹುದು: “ಈ ಹೆಣ್ಮಗಳು ಯಾರ್ರಿ?”

“ನಾನರಿ ಸಾಹೇಬ್ರ, ರಾಣಿ ಪಾತ್ರದಾಗ.”

“ರಾಣಿಗೆ ಇಂಥಾ ಮೀಸಿ ಎಲ್ಲಿಂದ ಬಂತ್ರಿ? ತಗಸ್ಕೊಂಡು ಬರ್ರಿ, ನೋಡೂಣು.”

ಕಚೇರಿಯೆಲ್ಲ ನಕ್ಕಿತು. ನಾನೂ ನಕ್ಕೆ. ಬನಹಟ್ಟಿ ಬಸ್ಸು ಹತ್ತಿದ ಮೇಲೆ ನಗು ಬರಲಿಲ್ಲ.

ನಮ್ಮ ಸೀಮೆಯಲ್ಲಿ ಮೀಸೆಯೆಂದರೆ ಏನೆಂದು ತಮಗೆ ಹೇಳಿಕೊಡಬೇಕೆ? ಮುಧೋಳದ ಗರಡಿಯಲ್ಲಿ ಪೈಲ್ವಾನರು ಅದಕ್ಕೆ ಬೆಣ್ಣೆ ಹಚ್ಚಿ ಹುರಿ ಮಾಡುತ್ತಿದ್ದರು. ಗೌಡರ ಗಿರಿಜಾ ಮೀಸೆ ಬಂದರೆ ಆಟದ ಮುಂದಿನ ಸಾಲು ತಾನಾಗಿ ತೆರವಾಗುತ್ತಿತ್ತು. ಪಂದ್ಯದಲ್ಲಿ ಸೋತವರು ಮೀಸೆ ಬೋಳಿಸಿಕೊಳ್ಳುತ್ತಿದ್ದರು. ನಾನು ಸೋಲದೆಯೇ, ರಾಣಿಗಾಗಿ, ಹರೆಯವೆಲ್ಲ ಬೋಳಿಸಿಕೊಂಡೆ. ಬೀಳಗಿಗೆ ಹೆಣ್ಣು ನೋಡಲು ಹೋದಾಗ ಅವಳಪ್ಪ, “ಹುಡುಗ ಛಲೋ ಅದಾನ, ಆದ್ರ ಮೀಸಿ ಇಲ್ಲದವ್ಗ ಮಗಳನ್ನ ಕೊಟ್ಟು ಊರಾಗ ಹೆಂಗ ತಿರುಗ್ಲಿ?” ಎಂದ. ಆಮೇಲೆ ನಾನು ಯಾರ ಮನೆಗೂ ಹೆಣ್ಣು ಕೇಳಲು ಹೋಗಲಿಲ್ಲ. ಮಗ್ಗ ಇತ್ತು, ಆಟ ಇತ್ತು, ಸಾಕೆಂದುಕೊಂಡೆ.

ನನಗಿದ್ದವನು ಒಬ್ಬನೇ, ರಾಜನ ಪಾತ್ರದ ಮಹಾಲಿಂಗಪ್ಪ. ಪ್ರತಿ ಆಟಕ್ಕೂ ಮುಂಚೆ ನನ್ನ ತುಟಿಯ ಮೇಲೆ ಕ್ಷೌರದ ಕತ್ತಿ ಆಡಿಸುತ್ತಿದ್ದವನು ಅವನೇ. “ಅಳ್ಳಾಡಬ್ಯಾಡಲೇ, ರಾಣಿ ಮಾರಿ ಕೊಯ್ದೀತು” ಎಂದು ಗದರುತ್ತಿದ್ದ. ಹೋದ ವರ್ಷ ಅವನು ತೀರಿಕೊಂಡ, ಮೇಳವೂ ಅಲ್ಲಿಗೇ ಮುಗಿಯಿತು. ಸಾವಾದರೆ ಕೆಲವರು ಮೀಸೆ ತೆಗೆಸುತ್ತಾರೆ. ನಾನು ಮೀಸೆ ಬಿಟ್ಟೆ. ಬೋಳಿಸುವ ಕೈಯೇ ಹೋದ ಮೇಲೆ ಯಾರಿಗಾಗಿ ಬೋಳಿಸಲಿ? ಕನ್ನಡಿಯಲ್ಲಿರುವ ಈ ಬಿಳಿಮೀಸೆಯ ಮುದುಕನ ಗುರುತು ನನಗೂ ಸಿಗುವುದಿಲ್ಲ, ಒಪ್ಪುತ್ತೇನೆ. ತಾವು ಗುರುತಿನ ಚೀಟಿ ಕೊಡುವವರು. ಅದಕ್ಕೇ ತಮ್ಮಲ್ಲಿಗೆ ಬಂದಿದ್ದೆ.

ಆದ್ದರಿಂದ ಮೀಸೆ ಬೋಳಿಸುವುದಿಲ್ಲ. ತಾವೇ ಒಂದು ಸಂಜೆ ಬನಹಟ್ಟಿಗೆ ಬರಬೇಕು. ಮೀಸೆಗೆ ಸೆರಗು ಮುಚ್ಚಿಕೊಂಡು ರಾಣಿಯ ಮಾತು ಹೇಳುತ್ತೇನೆ. ಗುರುತು ಸಿಕ್ಕರೆ ಚೀಟಿ ಕೊಡಿ. ಒಂದೇ ತೊಡಕು. ರಾಣಿ ತಾನಾಗಿ ಬಾಯಿ ಬಿಡುವುದಿಲ್ಲ, ಮೊದಲು ರಾಜ ಕರೆಯಬೇಕು. ಅವನ ಕುರ್ಚಿ ಖಾಲಿ ಇದೆ. ತಾವು ಅದರಲ್ಲಿ ಕೂತು ಒಮ್ಮೆ “ರಾಣೀ” ಎಂದು ಕೂಗಿ. ವರ್ಷದಿಂದ ಯಾರೂ ಕೂಗಿಲ್ಲ.

ಇಂತಿ,
ಕರೆದರೆ ಓಗೊಡಲು ಕಾದಿರುವ,
ಸೋಮಲಿಂಗ, ಮಾಜಿ ರಾಣಿ
ಬನಹಟ್ಟಿ